ಒಡೆದ ಕಲ್ಲುಗಳಿಂದ ಮಸೀದಿಯನ್ನು ಮರಳಿ ಕಟ್ಟುವ ಬಗೆ: ಬಾನ್ಯಾ ಲೂಕಾದ ಫೆರ್ಹಾದಿಯಾ

ಬಾಸ್ನಿಯಾ ಮತ್ತು ಹರ್ಜೆಗೊವಿನಾದ ಬಾನ್ಯಾ ಲೂಕಾ ನಗರದ ಫೆರ್ಹಾದಿಯಾ ಮಸೀದಿಯನ್ನು, ಬಾಸ್ನಿಯಾದ ಯುದ್ಧದ ನಡುವೆ, 1993ರ ಮೇ 7ರ ನಸುಕಿನಲ್ಲಿ ಸ್ಫೋಟಕ ಇಟ್ಟು ಕೆಡವಲಾಯಿತು. ಕೆಡವಿದವರಿಗೆ ಅಷ್ಟು ಸಾಲಲಿಲ್ಲ. ಉಳಿದ ಕಲ್ಲುಗಳನ್ನು ಲಾರಿಗಳಲ್ಲಿ ತುಂಬಿ ಊರಾಚೆಯ ಕಸದ ಗುಂಡಿಗೆ ಸುರಿದರು, ಜಾಗವನ್ನು ಸಮತಟ್ಟು ಮಾಡಿದರು. ಇಪ್ಪತ್ಮೂರು ವರ್ಷಗಳ ನಂತರ, 2016ರ ಮೇ 7ರಂದು, ಅದೇ ಪಾಯದ ಮೇಲೆ, ಹುಡುಕಿ ತಂದ ಮೂಲ ಕಲ್ಲುಗಳನ್ನೇ ಮರಳಿ ಕೂರಿಸಿ ಕಟ್ಟಿದ ಮಸೀದಿಯ ಬಾಗಿಲು ತೆರೆಯಿತು. ಹಳೆಯ ಕಟ್ಟಡವೊಂದರ ಹೊಣೆ ಹೊತ್ತವರಿಗೂ ಸಂರಕ್ಷಣೆಯ ಕೆಲಸ ಕಲಿಯುತ್ತಿರುವವರಿಗೂ ಈ ಕಟ್ಟಡದಿಂದ ಕಲಿಯಬೇಕಾದದ್ದು ಬಹಳವಿದೆ. ಆದ್ದರಿಂದ ಆಟೊಮನ್ ಶೈಲಿಯ ಮಸೀದಿಯೊಂದನ್ನು ಮರಳಿ ಕಟ್ಟುವ ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದನ್ನು ಫೆರ್ಹಾದಿಯಾವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ಈ ಕೆಲಸದಲ್ಲಿ ಕೊನೆಯ ಮಾತು ಕಲ್ಲಿನದು, ಕಟ್ಟುವವನ ಕಲ್ಪನೆಯದಲ್ಲ. ಮುಂದೆ ಹೇಳುವ ಪ್ರತಿ ಹಂತವೂ ಈ ಒಂದು ನಿಯಮವನ್ನೇ ಹಿಡಿದು ನಡೆಯುತ್ತದೆ.

ಮೊದಲು ಕಟ್ಟಡವನ್ನು ಅರಿಯಬೇಕು

ಫೆರ್ಹಾದಿಯಾವನ್ನು 1579ರಲ್ಲಿ ಕಟ್ಟಿಸಿದವನು ಆಟೊಮನ್ ಸಾಮ್ರಾಜ್ಯದ ಬಾಸ್ನಿಯಾ ಪ್ರಾಂತ್ಯವನ್ನು ಆಳುತ್ತಿದ್ದ ಫೆರ್ಹಾದ್ ಪಾಶಾ ಸೊಕೊಲೊವಿಚ್. 1575ರ ಗಡಿಯುದ್ಧದಲ್ಲಿ ಹಾಬ್ಸ್‌ಬರ್ಗ್ ಸೇನಾನಿ ಹೆರ್ಬಾರ್ಡ್ ಫಾನ್ ಆವೆರ್ಸ್‌ಪೆರ್ಗ್ ಸತ್ತ ಮೇಲೆ, ಅವನ ತಲೆಯನ್ನೂ ಸೆರೆ ಸಿಕ್ಕಿದ್ದ ಮಗನನ್ನೂ ಬಿಡಿಸಿಕೊಳ್ಳಲು ಆ ಮನೆತನ ಕೊಟ್ಟ ಹಣದಿಂದಲೇ ಮಸೀದಿ ಎದ್ದಿತೆಂದು ಊರಿನವರು ಹೇಳುತ್ತ ಬಂದಿದ್ದಾರೆ. ಕಟ್ಟಿದ ಶಿಲ್ಪಿಯ ಹೆಸರು ಉಳಿದಿಲ್ಲ. ಆ ಹೊತ್ತಿಗೆ ಇಸ್ತಾಂಬುಲ್‌ನಲ್ಲಿ ಮಿಮಾರ್ ಸಿನಾನ್ ಪ್ರಧಾನ ವಾಸ್ತುಶಿಲ್ಪಿಯಾಗಿದ್ದನು. ಫೆರ್ಹಾದಿಯಾದ ಅಚ್ಚುಕಟ್ಟು ಅವನ ಶಿಷ್ಯಪರಂಪರೆಯನ್ನು ನೆನಪಿಸುತ್ತದೆ. ಕಟ್ಟಡ ದೊಡ್ಡದೇನಲ್ಲ: ಸುಮಾರು 18 ಮೀಟರ್ ಅಗಲ, 14 ಮೀಟರ್ ಉದ್ದ, ಗುಮ್ಮಟದ ತುದಿಯವರೆಗೆ 18 ಮೀಟರ್ ಎತ್ತರ. ಪಕ್ಕದಲ್ಲಿ ನಲವತ್ತು ಮೀಟರಿಗೂ ಮಿಕ್ಕಿ ಏರುವ ತೆಳುವಾದ ಮಿನಾರು, ಎದುರಿಗೆ ಕಂಬಗಳ ಮುಖಮಂಟಪ, ಅಂಗಳದಲ್ಲಿ ಕಾರಂಜಿ, ಗೋರಿಗಳು ಮತ್ತು ಮೂರು ಸಮಾಧಿ ಮಂಟಪಗಳು. ಮಿನಾರು ಮುಗಿದ ಮೇಲೆ ಇಂಥ ಇನ್ನೊಂದನ್ನು ಕಟ್ಟಬಾರದೆಂದು ಪಾಶಾ ಕೆಲಸಗಾರರನ್ನು ಅದರೊಳಗೇ ಕೂಡಿಹಾಕಿದನಂತೆ, ಅವರು ರೆಕ್ಕೆ ಮಾಡಿಕೊಂಡು ಹಾರಿಹೋದರಂತೆ.

ಇಂಥ ಕಥೆಗಳನ್ನೂ ಬರೆದಿಟ್ಟುಕೊಳ್ಳಬೇಕು. ಅವು ಅಳತೆಗೆ ನೆರವಾಗುವುದಿಲ್ಲ, ನಿಜ. ಆದರೆ ಕಟ್ಟಡದ ಯಾವ ಭಾಗವನ್ನು ಜನ ಕಣ್ಣಿಟ್ಟು ನೋಡುತ್ತಿದ್ದರು, ಯಾವುದು ತಪ್ಪಿದರೆ ಇದು ನಮ್ಮ ಮಸೀದಿಯಲ್ಲ ಎಂದು ಅವರಿಗೆ ಅನ್ನಿಸುತ್ತದೆ ಎಂಬುದು ಕಥೆಗಳಿಂದಲೇ ತಿಳಿಯುತ್ತದೆ.

ಕಟ್ಟುವ ಹಕ್ಕು, ಕಟ್ಟುವ ಕಾರಣ

ಕಲ್ಲು ಮುಟ್ಟುವ ಮೊದಲು ಎರಡು ಪ್ರಶ್ನೆಗಳು ಇತ್ಯರ್ಥವಾಗಬೇಕು. ಮೊದಲನೆಯದು ಕಾನೂನಿನದು. ಬಾಸ್ನಿಯಾದ ಯುದ್ಧವನ್ನು ಮುಗಿಸಿದ 1995ರ ಡೇಟನ್ ಒಪ್ಪಂದದ ಎಂಟನೆಯ ಅನುಬಂಧ ರಾಷ್ಟ್ರೀಯ ಸ್ಮಾರಕಗಳನ್ನು ಕಾಪಾಡಲೆಂದೇ ಒಂದು ಆಯೋಗವನ್ನು ಹುಟ್ಟುಹಾಕಿತು. ಆಯೋಗವು ಫೆರ್ಹಾದಿಯಾದ ಜಾಗವನ್ನು, ಅಲ್ಲಿ ಕಟ್ಟಡವೇ ಇಲ್ಲದಿದ್ದಾಗ, ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಚೂರುಗಳನ್ನು ಹುಡುಕುವುದು, ಕಾಯುವುದು, ಮೂಲ ರೂಪದಲ್ಲೇ ಕಟ್ಟುವುದು ಇವೆಲ್ಲಕ್ಕೂ ಇಂಥ ಘೋಷಣೆಯಿಂದಲೇ ಬಲ ಬರುತ್ತದೆ. ಇದಿಲ್ಲದೆ ಕೆಲಸಕ್ಕೆ ಕೈಹಾಕಿದರೆ ನಾಳೆ ಯಾವುದೋ ಕಚೇರಿಯ ಒಂದು ಸಹಿ ಎಲ್ಲವನ್ನೂ ನಿಲ್ಲಿಸಬಹುದು.

ಕಾನೂನು ಇದ್ದ ಮಾತ್ರಕ್ಕೆ ದಾರಿ ಸುಗಮವಾಗುವುದೂ ಇಲ್ಲ. 2001ರ ಮೇ 7ರಂದು ಶಂಕುಸ್ಥಾಪನೆಗೆ ಬಂದವರ ಮೇಲೆ ಸಾವಿರಾರು ಜನರ ಗುಂಪು ಎರಗಿತು. ಹಲವರು ಗಾಯಗೊಂಡರು, ಒಬ್ಬರು ಪ್ರಾಣ ಕಳೆದುಕೊಂಡರು. ಮರುತಿಂಗಳು ಬಿಗಿ ಕಾವಲಿನಲ್ಲಿ ಶಂಕುಸ್ಥಾಪನೆ ನೆರವೇರಿತು. ಹಗೆಯಿಂದ ಕೆಡವಿದ ಕಟ್ಟಡವನ್ನು ಕಟ್ಟುವವರು ಕೆಲಸಗಾರರ ಮತ್ತು ಭಕ್ತರ ರಕ್ಷಣೆಯನ್ನು ಯೋಜನೆಯ ಮೊದಲ ಪುಟದಲ್ಲೇ ಬರೆದಿಡಬೇಕು.

ಎರಡನೆಯ ಪ್ರಶ್ನೆ ಸಂರಕ್ಷಣಾ ಶಾಸ್ತ್ರದ್ದು. ಸ್ಮಾರಕಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ನಿಯಮಾವಳಿಯಾದ 1964ರ ವೆನಿಸ್ ಸನ್ನದು ಪೂರ್ಣ ಮರುನಿರ್ಮಾಣವನ್ನು ಮೆಚ್ಚುವುದಿಲ್ಲ. ಚದುರಿದ ಮೂಲ ಭಾಗಗಳನ್ನು ಮರಳಿ ಜೋಡಿಸುವುದಕ್ಕೆ ಮಾತ್ರ ಒಪ್ಪಿಗೆ ಕೊಡುತ್ತದೆ, ಊಹೆ ಎಲ್ಲಿ ಶುರುವಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎನ್ನುತ್ತದೆ. ಅದರ ನಂತರ ಜಪಾನಿನ ನಾರಾದಲ್ಲಿ ತಜ್ಞರು ರೂಪಿಸಿದ 1994ರ ನಾರಾ ದಸ್ತಾವೇಜು ಒಂದು ಸ್ಮಾರಕದ ಸಾಚಾತನವನ್ನು ಅದರ ಕಲ್ಲುಮಣ್ಣಿನಲ್ಲಿ ಮಾತ್ರವಲ್ಲದೆ ಅದರ ಬಳಕೆ, ಸಂಪ್ರದಾಯ, ಕುಶಲತೆ, ಭಾವಗಳಲ್ಲೂ ಕಾಣಬಹುದೆಂದು ಒಪ್ಪಿತು. ವಯಸ್ಸಾಗಿ ಬಿದ್ದ ಕಟ್ಟಡಕ್ಕೂ, ಒಂದು ಸಮುದಾಯದ ಗುರುತನ್ನೇ ಅಳಿಸಲು ಬೀಳಿಸಿದ ಕಟ್ಟಡಕ್ಕೂ ಒಂದೇ ನಿಯಮ ಸಲ್ಲದು ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಆ ವಿನಾಯಿತಿ ಕಟ್ಟುವುದಕ್ಕೆ ಮಾತ್ರ. ಊಹೆಗೆ ಅದರಲ್ಲಿ ಎಡೆಯಿಲ್ಲ.

ಕಾಗದ ಕಲೆಹಾಕುವುದು

ಕಟ್ಟಡ ಇಲ್ಲವಾದಾಗ ಅದರ ದಾಖಲೆಗಳೇ ಕಟ್ಟಡ. ಅಳತೆಯ ನಕ್ಷೆಗಳು, ಹಳೆಯ ಛಾಯಾಚಿತ್ರಗಳು, ವಕ್ಫ್ ಪತ್ರಗಳು, ಪ್ರವಾಸಿಗರ ಬರಹಗಳು, ಅಂಚೆಕಾರ್ಡುಗಳು, ಮದುವೆಯ ದಿನ ಅಂಗಳದಲ್ಲಿ ತೆಗೆಸಿಕೊಂಡ ಕುಟುಂಬದ ಚಿತ್ರಗಳು, ಇವೆಲ್ಲ ಬೇಕು. ಎಲ್ಲಕ್ಕಿಂತ ಹೆಚ್ಚು ಬೆಲೆ ಹಿಂದಿನ ದುರಸ್ತಿಗಳ ಕಡತಗಳಿಗಿದೆ. 1969ರ ಅಕ್ಟೋಬರ್ 26 ಮತ್ತು 27ರಂದು ಬಾನ್ಯಾ ಲೂಕಾವನ್ನು ಭೂಕಂಪ ಅಲ್ಲಾಡಿಸಿತು, ಫೆರ್ಹಾದಿಯಾಕ್ಕೂ ಪೆಟ್ಟು ಬಿತ್ತು. ಪೆಟ್ಟು ಬಿದ್ದ ಕಟ್ಟಡವನ್ನು ದುರಸ್ತಿ ಮಾಡುವವರು ಅಳೆಯಲೇಬೇಕು. ಸುಸ್ಥಿತಿಯಲ್ಲಿದ್ದಾಗ ಯಾರೂ ಏರಿ ನೋಡದ ಗುಮ್ಮಟದ ಬುಡ, ಮಿನಾರಿನ ಒಳಮೈ ಆಗ ಕಾಗದಕ್ಕೆ ಇಳಿಯುತ್ತವೆ.

ಛಾಯಾಚಿತ್ರದಿಂದ ಅಳತೆ ತೆಗೆಯುವುದಕ್ಕೆ ಒಂದೇ ಚಿತ್ರವನ್ನು ನಂಬಬಾರದು. ಒಂದೇ ಗೋಡೆಯನ್ನು ಬೇರೆ ಬೇರೆ ಕೋನಗಳಿಂದ ತೋರಿಸುವ ಮೂರು ನಾಲ್ಕು ಚಿತ್ರಗಳನ್ನು ಆರಿಸಿ, ಅಳತೆ ಖಚಿತವಾಗಿ ಗೊತ್ತಿರುವ ಒಂದು ವಸ್ತುವನ್ನು, ಉದಾಹರಣೆಗೆ ಪಾಯದಲ್ಲಿ ಉಳಿದ ಹೊಸ್ತಿಲಿನ ಅಗಲವನ್ನು, ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ನಕ್ಷೆ, ಚಿತ್ರ, ನೆಲ ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ಆ ಅಳತೆಯನ್ನು ಶಾಯಿಯಲ್ಲಿ ಬರೆಯಬೇಕು. ಉಳಿದದ್ದು ಪೆನ್ಸಿಲಿನಲ್ಲೇ ಇರಲಿ.

ಕಲ್ಲು ಹುಡುಕುವುದು, ಕಲ್ಲು ಓದುವುದು

ಕೃಷ್ಣರಾಜಸಾಗರದ ಹಿನ್ನೀರಿನಲ್ಲಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಿಗೂ ಸಂಖ್ಯೆ ಹಾಕಿ, ಬಿಚ್ಚಿ, ಎತ್ತರದ ದಡದಲ್ಲಿ ಮತ್ತೆ ಕಟ್ಟಿದ್ದನ್ನು ನಮ್ಮಲ್ಲಿ ಹಲವರು ನೋಡಿದ್ದಾರೆ. ಅಲ್ಲಿ ಬಿಚ್ಚುವಾಗಲೇ ಕ್ರಮ ಕೈಯಲ್ಲಿತ್ತು. ಬಾನ್ಯಾ ಲೂಕಾದಲ್ಲಿ ಕ್ರಮವನ್ನೇ ಹುಡುಕಬೇಕಿತ್ತು, ಏಕೆಂದರೆ ಕಲ್ಲುಗಳು ಸ್ಫೋಟದಲ್ಲಿ ಒಡೆದು, ರಾಮಿಚಿ ಎಂಬಲ್ಲಿನ ಕಸದ ರಾಶಿಯಲ್ಲಿ ಹೂತು, ಕೆಲವು ವ್ರ್ಬಾಸ್ ನದಿಯ ಪಾಲಾಗಿದ್ದವು.

ಅಗೆಯುವ ಮೊದಲು ತಿಳಿದಿರಬೇಕಾದ ಕಠಿಣ ಸಂಗತಿಯೊಂದಿದೆ. ಬಾಸ್ನಿಯಾದಲ್ಲಿ ಕೆಡವಿದ ಮಸೀದಿಯ ಅವಶೇಷಗಳ ಅಡಿಯಲ್ಲಿ ಮನುಷ್ಯರ ಅಸ್ಥಿಗಳು ಸಿಕ್ಕಿದ್ದುಂಟು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿ ಧಾರ್ಮಿಕ ಕಟ್ಟಡಗಳ ನಾಶವನ್ನೂ ಯುದ್ಧಾಪರಾಧವೆಂದು ವಿಚಾರಣೆ ಮಾಡಿತು. ಆದ್ದರಿಂದ ಕಲ್ಲಿನ ರಾಶಿ ಸಾಕ್ಷ್ಯವೂ ಹೌದು, ಸಮಾಧಿಯೂ ಆಗಿರಬಹುದು. ಯಂತ್ರ ಇಳಿಸುವ ಮೊದಲು ಕಾಣೆಯಾದವರನ್ನು ಹುಡುಕುವ ಅಧಿಕಾರಿಗಳಿಗೆ ತಿಳಿಸಬೇಕು, ಮೂಳೆ ಕಂಡ ಕ್ಷಣ ಕೆಲಸ ನಿಲ್ಲಬೇಕು.

ಹೊರತೆಗೆದ ಪ್ರತಿ ಚೂರನ್ನೂ ತೊಳೆಯದೆ ಮೊದಲು ಚಿತ್ರ ತೆಗೆಯಬೇಕು. ಅದಕ್ಕೊಂದು ಸಂಖ್ಯೆ, ಒಂದು ಹಾಳೆ. ಹಾಳೆಯಲ್ಲಿ ಸಿಕ್ಕ ಜಾಗ, ಅಳತೆ, ಕಲ್ಲಿನ ಜಾತಿ, ಎಷ್ಟು ಮುಖಗಳಿಗೆ ಉಳಿಯ ಕೆಲಸವಾಗಿದೆ, ಗಾರೆ ಎಲ್ಲಿ ಅಂಟಿದೆ, ಕಬ್ಬಿಣದ ಕೊಂಡಿಗೆ ಕೊರೆದ ಗುಳಿ ಎಲ್ಲಿದೆ, ಬಣ್ಣವಿದೆಯೇ, ಮಸಿ ಹಿಡಿದಿದೆಯೇ ಎಂಬ ವಿವರಗಳು ಬರಬೇಕು. ಮಳೆಬಿಸಿಲಿಗೆ ಸವೆದ ಮುಖ ಹೊರಮೈ. ಸುಣ್ಣದ ಗಿಲಾವಿನ ಪದರ ಉಳಿದ ಮುಖ ಒಳಮೈ. ಉಳಿ ತಾಗದೆ ಒರಟಾಗಿ ಉಳಿದದ್ದು ಗೋಡೆಯ ಹೊಟ್ಟೆಯೊಳಗಿದ್ದ ಬೆನ್ನು. ಹೀಗೆ ಒಂದೊಂದು ಮುಖವನ್ನು ಓದಿದರೆ ಕಲ್ಲು ತಾನು ಹೇಗೆ ಕೂತಿದ್ದೆನೆಂದು ಹೇಳುತ್ತದೆ.

ಒಂದು ಕಮಾನುಗಲ್ಲನ್ನು ಹತ್ತಿರದಿಂದ ನೋಡೋಣ. ಅಳತೆಗಳು ಉದಾಹರಣೆಗೆ ಮಾತ್ರ. ಕಲ್ಲು ಬೆಣೆಯಾಕಾರದ್ದು. ಒಳಮುಖದ ಅಗಲ 30 ಸೆಂಟಿಮೀಟರ್, ಹೊರಮುಖದ ಅಗಲ 33, ಒಳಗಿನಿಂದ ಹೊರಗಿನವರೆಗಿನ ದಪ್ಪ 45. ದಪ್ಪವನ್ನು ಒಳ ಅಗಲದಿಂದ ಗುಣಿಸಿ, ಎರಡು ಅಗಲಗಳ ವ್ಯತ್ಯಾಸದಿಂದ ಭಾಗಿಸಬೇಕು: 45ನ್ನು 30ರಿಂದ ಗುಣಿಸಿದರೆ 1350, ಅದನ್ನು 3ರಿಂದ ಭಾಗಿಸಿದರೆ 450. ಅಂದರೆ ಈ ಕಲ್ಲು ನಾಲ್ಕೂವರೆ ಮೀಟರ್ ತ್ರಿಜ್ಯದ ಬಾಗಿನಲ್ಲಿತ್ತು. ಬಿಡಿಯಾಗಿ ಸಿಕ್ಕ ಒಂದು ತುಂಡು ಇಡೀ ಕಮಾನಿನ ಅಳತೆಯನ್ನು ಹೊತ್ತು ತಂದಿದೆ! ಆದರೆ ಎಚ್ಚರ: ಹೊರ ಅಗಲವನ್ನು ಅರ್ಧ ಸೆಂಟಿಮೀಟರ್ ಹೆಚ್ಚಾಗಿ ಅಳೆದಿದ್ದರೆ ಉತ್ತರ 450ರ ಬದಲು 386ಕ್ಕೆ ಇಳಿಯುತ್ತದೆ, ಅರವತ್ತು ಸೆಂಟಿಮೀಟರಿಗೂ ಹೆಚ್ಚಿನ ತಪ್ಪು. ಅಂಚು ಮುರಿದ ಕಲ್ಲಿನಲ್ಲಿ ಅರ್ಧ ಸೆಂಟಿಮೀಟರ್ ತಪ್ಪುವುದು ಕಷ್ಟವಲ್ಲ. ಒಂದೇ ಸಾಲಿನವೆಂದು ತೋರುವ ಹತ್ತಿಪ್ಪತ್ತು ಕಲ್ಲುಗಳನ್ನು ಅಳೆದು, ಉತ್ತರಗಳು ಎಲ್ಲಿ ಗುಂಪುಗೂಡುತ್ತವೆ ಎಂದು ನೋಡಿ, ನಕ್ಷೆಯೊಂದಿಗೆ ತಾಳೆ ಹಾಕಬೇಕು.

ಮಿನಾರಿನ ಮೆಟ್ಟಿಲುಗಳು ಇನ್ನೂ ಉದಾರಿಗಳು. ಆಟೊಮನ್ ಮಿನಾರಿನಲ್ಲಿ ಸುರುಳಿ ಮೆಟ್ಟಿಲಿನ ಪ್ರತಿ ಕಲ್ಲೂ ಬೀಸಣಿಗೆಯ ಆಕಾರದಲ್ಲಿರುತ್ತದೆ, ಅದರ ಕಿರಿದಾದ ತುದಿಯಲ್ಲಿ ನಡುಗಂಬದ ಒಂದು ಬಿಲ್ಲೆ ಅದೇ ಕಲ್ಲಿನಲ್ಲಿ ಕಡೆದಿರುತ್ತದೆ. ಬೀಸಣಿಗೆಯ ಕೋನ 24 ಡಿಗ್ರಿ ಇದ್ದರೆ ಒಂದು ಸುತ್ತಿಗೆ 15 ಮೆಟ್ಟಿಲು. ಬಿಲ್ಲೆಯ ದಪ್ಪವೇ ಮೆಟ್ಟಿಲಿನ ಎತ್ತರ. ಬಿಲ್ಲೆಯ ನಡುವಿನಿಂದ ಅಗಲವಾದ ತುದಿಯವರೆಗಿನ ಉದ್ದ ಮಿನಾರಿನ ಒಳತ್ರಿಜ್ಯ. ಸಿಕ್ಕ ಮೆಟ್ಟಿಲುಗಳು ಎಂಟೋ ಹತ್ತೋ ಇದ್ದರೂ ಇಡೀ ಏಣಿಯ ಲೆಕ್ಕ ಕೈಗೆ ಬರುತ್ತದೆ. ಬಾಗಿಲ ಮೇಲಿನ ಮತ್ತು ಮಿನಾರಿನ ಬಾಲ್ಕನಿಯ ಕೆಳಗಿನ ಜೇನುಗೂಡಿನಂಥ ಮುಖರ್ನಾಸ್ ಕೆತ್ತನೆಯ ಚೂರುಗಳನ್ನು ಮಾತ್ರ ಬೇರೆಯಾಗಿ, ಮರಳು ಹಾಸಿದ ಹಲಗೆಗಳ ಮೇಲೆ ಹರಡಿ ಜೋಡಿಸಬೇಕು. ಈಗ ಮೂರು ಆಯಾಮದ ಸ್ಕ್ಯಾನಿಂಗ್ ಇದೆ, ಕಂಪ್ಯೂಟರಿನಲ್ಲೇ ಚೂರುಗಳನ್ನು ತಿರುಗಿಸಿ ನೋಡಬಹುದು. ಆದರೂ ಇದು ಇದರದೇ ಜೋಡಿ ಎಂದು ಕೊನೆಗೆ ಹೇಳುವುದು ಎರಡು ಮುರಿದ ಮುಖಗಳನ್ನು ಒಂದಕ್ಕೊಂದು ತಾಗಿಸಿ ನೋಡಿದ ಕಲ್ಲುಕುಟಿಗನ ಕೈಯೇ.

ಪಾಯ, ಗಾರೆ, ಹೊಸ ಕಲ್ಲು

ನೆಲದ ಮೇಲಿನದನ್ನೆಲ್ಲ ಬಳಿದೊಯ್ದರೂ ನೆಲದಡಿಯ ಪಾಯ ಸಾಮಾನ್ಯವಾಗಿ ಉಳಿದಿರುತ್ತದೆ. ಅದನ್ನು ಪುರಾತತ್ವದ ಉತ್ಖನನದಂತೆ, ಪದರ ಪದರವಾಗಿ ತೆರೆಯಬೇಕು. ಅದರ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಕುವ ಆತುರ ಬೇಡ: ಸ್ಫೋಟದಿಂದ ಎಲ್ಲೆಲ್ಲಿ ಬಿರಿದಿದೆ, ಮಣ್ಣು ಎಷ್ಟು ಭಾರ ತಡೆಯುತ್ತದೆ ಎಂದು ಪರೀಕ್ಷಿಸಿ, ಬಲಹೀನ ಜಾಗಗಳನ್ನಷ್ಟೇ ಬಲಪಡಿಸಿದರೆ ಸಾಕು. ಭೂಕಂಪದ ನಾಡಿನಲ್ಲಿ ಇದು ಸಾಲದು ಎಂಬ ಆತಂಕ ಸಹಜ. ಆದರೆ ಆಟೊಮನ್ ಶಿಲ್ಪಿಗಳೂ ಭೂಕಂಪ ಕಂಡವರು. ಕಮಾನುಗಳ ಬುಡದಲ್ಲಿ ಅಡ್ಡಕ್ಕೆ ಕಬ್ಬಿಣದ ಪಟ್ಟಿ ಬಿಗಿದು, ಕಲ್ಲಿಗೂ ಕಲ್ಲಿಗೂ ಕಬ್ಬಿಣದ ಕೊಂಡಿ ಹಾಕಿ, ಕೊಂಡಿಯ ಗುಳಿಗೆ ಕರಗಿದ ಸೀಸ ಹೊಯ್ಯುತ್ತಿದ್ದರು. ಸೀಸ ಮೆತ್ತಗಿರುವುದರಿಂದ ನಡುಕ ಬಂದಾಗ ಕಲ್ಲು ಒಡೆಯದೆ ಕೂದಲೆಳೆಯಷ್ಟು ಸರಿಯುತ್ತದೆ. ಕಬ್ಬಿಣಕ್ಕೆ ನೀರು ತಾಗದೆ ತುಕ್ಕೂ ದೂರ. 2004ರಲ್ಲಿ ಮರಳಿ ಕಟ್ಟಿದ ಮೊಸ್ತಾರ್‌ನ ಹಳೆಯ ಸೇತುವೆಯಲ್ಲೂ ಇದೇ ವಿಧಾನ ಅನುಸರಿಸಿದರು.

ಗಾರೆಯ ವಿಷಯದಲ್ಲಿ ರಾಜಿ ಕೂಡದು. ಆಟೊಮನ್ನರು ಹೊರಾಸಾನ್ ಎನ್ನುತ್ತಿದ್ದುದು ಬೇರೇನಲ್ಲ, ನಮ್ಮ ಹಳೆಯ ಗಾರೆ ಕೆಲಸದವರಿಗೆ ಚೆನ್ನಾಗಿ ಗೊತ್ತಿರುವ ಸುರ್ಕಿ ಗಾರೆಯ ಬಂಧುವೇ: ಅರಳಿಸಿದ ಸುಣ್ಣ, ಸುಟ್ಟ ಇಟ್ಟಿಗೆಯ ಪುಡಿ, ಮರಳು. ಇಟ್ಟಿಗೆ ಪುಡಿ ಸುಣ್ಣದೊಂದಿಗೆ ಕೂಡಿ ತೇವದಲ್ಲೂ ಗಟ್ಟಿಯಾಗುವ ಗುಣ ಕೊಡುತ್ತದೆ. ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ, ಮೇಲೆ ನೀರು ನಿಲ್ಲಿಸಿ, ತಿಂಗಳುಗಟ್ಟಲೆ ಮಾಗಲು ಬಿಡಬೇಕು; ಅರಳದ ಹರಳು ಗೋಡೆಯೊಳಗೆ ಹೋಗಿ ಆಮೇಲೆ ಉಬ್ಬಿದರೆ ಗಾರೆ ಸಿಡಿಯುತ್ತದೆ. ಮೂಲ ಕಲ್ಲುಗಳಿಗೆ ಅಂಟಿದ ಗಾರೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪ್ರಮಾಣವನ್ನು ಅದರಿಂದಲೇ ತಿಳಿದುಕೊಳ್ಳಬೇಕು. ಸಿಮೆಂಟನ್ನು ಏಕೆ ಬಳಸಬಾರದೆಂದರೆ, ಅದು ಹಳೆಯ ಕಲ್ಲಿಗಿಂತ ಬಿರುಸು, ತೇವವನ್ನು ಹೊರಬಿಡದು, ಅದರ ಲವಣಗಳು ಕಲ್ಲಿಗೆ ಇಳಿದು ಮೈಯನ್ನು ಪುಡಿಮಾಡುತ್ತವೆ. ಗೋಡೆ ಒತ್ತಡಕ್ಕೆ ಬಿರಿಯಲೇಬೇಕಾದರೆ ಗಾರೆ ಬಿರಿಯಲಿ, ಕಲ್ಲು ಬಿರಿಯಬಾರದು. ಗಾರೆಯನ್ನು ನಾಳೆ ತುಂಬಬಹುದು. ಚಳಿಗಾಲದಲ್ಲಿ ಸುಣ್ಣದ ಕೆಲಸ ನಿಲ್ಲಿಸಬೇಕು. ತಾಪ ಐದು ಡಿಗ್ರಿಗಿಂತ ಕೆಳಗಿಳಿದರೆ ಸುಣ್ಣ ಬಲಿಯುವುದಿಲ್ಲ, ಹಿಮ ಬಿದ್ದರೆ ಹಸಿ ಗಾರೆ ಉದುರುತ್ತದೆ. ಉದ್ಘಾಟನೆಯ ದಿನಾಂಕಕ್ಕಾಗಿ ಈ ನಿಯಮ ಮುರಿಯುವ ಒತ್ತಡ ಎಲ್ಲ ಕಡೆಯೂ ಬರುತ್ತದೆ. ಮಣಿಯಬಾರದು.

ಕಾಣೆಯಾದ ಕಲ್ಲುಗಳಿಗೆ ಬದಲಿ ಬೇಕಾದಾಗ ಮೂಲ ಗಣಿಯನ್ನೇ ಹುಡುಕಬೇಕು. ಗಣಿ ಮುಚ್ಚಿದ್ದರೆ ಅದೇ ಜಾತಿಯ, ಅದೇ ನೀರು ಹೀರುವ ಗುಣದ ಕಲ್ಲು ಬೇಕು. ಗರಗಸದಲ್ಲಿ ಕೊಯ್ದರೂ ಕಾಣುವ ಮುಖಕ್ಕೆ ಕೈ ಉಳಿಯ ಕೆಲಸವಾಗಬೇಕು, ಏಕೆಂದರೆ ಯಂತ್ರದ ನುಣುಪಿನ ಮೇಲೆ ಬೆಳಕು ಬೀಳುವ ರೀತಿಯೇ ಬೇರೆ. ಹೊಸ ಕಲ್ಲನ್ನು ಹೊಗೆ ಹಿಡಿಸಿ, ಆಮ್ಲ ಸವರಿ ಹಳತಾಗಿ ತೋರಿಸುವುದು ತಪ್ಪು. ದೂರದಿಂದ ಗೋಡೆ ಒಂದಾಗಿ ಕಾಣಲಿ, ಹತ್ತಿರ ಬಂದವರಿಗೆ ಯಾವುದು 1579ರದ್ದು, ಯಾವುದು ಈಗಿನದು ಎಂದು ತಿಳಿಯಲಿ. ಇವತ್ತು ಫೆರ್ಹಾದಿಯಾದ ಗೋಡೆಯೆದುರು ನಿಂತರೆ ಬಿಳಿಚಿದ ಹೊಸ ಕಲ್ಲುಗಳ ನಡುವೆ ಕಂದಿದ, ಮೂಲೆ ಮುಕ್ಕಾದ ಹಳೆಯ ಕಲ್ಲುಗಳು ಕಾಣುವುದು ಇದರಿಂದಲೇ, ಮತ್ತು ಅವೇ ನೋಡುವವರನ್ನು ತಡೆದು ನಿಲ್ಲಿಸುತ್ತವೆ.

ಎತ್ತುವುದು, ಹೊದಿಸುವುದು, ಬರೆಯುವುದು

ಗೋಡೆ ಏಳುವ ಮೊದಲು ಒಂದು ಸಾಲಿನ ಕಲ್ಲುಗಳನ್ನು ನೆಲದ ಮೇಲೆ ಗಾರೆಯಿಲ್ಲದೆ ಜೋಡಿಸಿ ನೋಡುವುದು ಒಳ್ಳೆಯ ಪದ್ಧತಿ. ಚೌಕದ ಗೋಡೆಗಳಿಂದ ದುಂಡು ಗುಮ್ಮಟಕ್ಕೆ ದಾಟುವ ಮೂಲೆಗಳಲ್ಲಿ ಸೆಂಟ್ರಿಂಗ್ ಬಿಗಿಯಾಗಿರಬೇಕು, ಬಿಚ್ಚುವಾಗ ಅವಸರ ಬೇಡ. ಸುಣ್ಣದ ಗಾರೆ ನಿಧಾನವಾಗಿ ಬಲಿಯುವುದರಿಂದ ವಾರಗಟ್ಟಲೆ ಕಾದು, ಬೆಣೆಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಗುಮ್ಮಟ ಎಷ್ಟು ಕುಸಿಯಿತೆಂದು ದಿನವೂ ಅಳೆಯಬೇಕು. ಮೇಲಿನ ಹೊದಿಕೆ ಸೀಸದ ತಗಡು. ಅದನ್ನು ಕಲ್ಲಿನ ಮೇಲೆ ನೇರವಾಗಿ ಹಾಸುವುದಿಲ್ಲ; ಹುಲ್ಲು ಕಲಸಿದ ಜೇಡಿಮಣ್ಣಿನ ಮೆತ್ತೆ ಹಾಕಿ, ಅದರ ಮೇಲೆ ತಗಡಿನ ಅಂಚುಗಳನ್ನು ಒಂದರೊಳಗೊಂದು ಮಡಚಿ ಕೂಡಿಸುತ್ತಾರೆ. ಬೆಸುಗೆ ಹಾಕಬಾರದು, ಏಕೆಂದರೆ ಬಿಸಿಲಿಗೆ ಸೀಸ ಬಹಳ ಹಿಗ್ಗುತ್ತದೆ, ಸರಿಯಲು ಜಾಗವಿಲ್ಲದಿದ್ದರೆ ಹರಿಯುತ್ತದೆ. ಮಿನಾರನ್ನು ಒಳಗಿನ ಮೆಟ್ಟಿಲು ಮತ್ತು ಹೊರಗೋಡೆ ಜತೆಜತೆಗೆ ಏರುವಂತೆ, ಪ್ರತಿ ಸಾಲಿಗೂ ತೂಗುಗುಂಡು ಬಿಟ್ಟು ನೋಡುತ್ತ ಕಟ್ಟಬೇಕು.

ಒಳಗಿನ ಬಣ್ಣದ ಅಲಂಕಾರಕ್ಕೆ ಬಂದಾಗ ಅತಿ ಹೆಚ್ಚು ಸಂಯಮ ಬೇಕು. ಸರಾಯೆವೊದ ಗಾಜಿ ಹುಸ್ರೆವ್ ಬೇಗ್ ಮಸೀದಿಯಲ್ಲಿ ಯುದ್ಧದ ನಂತರದ ಮೊದಲ ದುರಸ್ತಿಯಲ್ಲಿ ಒಳಗಿನ ಚಿತ್ತಾರಗಳನ್ನು ಕೆರೆದು ಗೋಡೆಗಳನ್ನು ಬೆಳ್ಳಗೆ ಮಾಡಲಾಯಿತು, ಆಮೇಲೆ ಮತ್ತೆ ಬರೆಯಬೇಕಾಯಿತು. ಹಣ ಕೊಡುವವರ ಅಭಿರುಚಿ ಕಟ್ಟಡದ ಚರಿತ್ರೆಯನ್ನು ಅಳಿಸಿದರೆ ಅದೂ ನಷ್ಟವೇ. ಇದಕ್ಕೆ ವಿರುದ್ಧವಾದ ತಪ್ಪೆಂದರೆ ಪುರಾವೆಯಿಲ್ಲದ ಕಡೆ ಬೇರೆ ಮಸೀದಿಗಳಿಂದ ಹೂಬಳ್ಳಿ ತಂದು ತುಂಬುವುದು. 2019ರಲ್ಲಿ ಮರಳಿ ತೆರೆದ ಫೋಚಾದ ಅಲಾಜಾ ಮಸೀದಿಯ ಹೆಸರಿನ ಅರ್ಥವೇ ಬಣ್ಣಬಣ್ಣದ್ದು ಎಂದು. ಅಂಥ ಕಡೆ ಬಣ್ಣ ಕಟ್ಟಡದ ಜೀವ. ಆದರೂ ಚಿತ್ರದಲ್ಲೋ ಚೂರಿನಲ್ಲೋ ಕಂಡಷ್ಟನ್ನೇ ಬರೆದು, ಉಳಿದೆಡೆ ಬರಿಯ ಸುಣ್ಣ ಬಿಡುವುದೇ ಪ್ರಾಮಾಣಿಕ ದಾರಿ.

ಕೆಲಸ ಮುಗಿದ ಮೊದಲ ಎರಡು ಚಳಿಗಾಲಗಳಲ್ಲಿ ಸೀಸದ ಮಡಿಕೆಗಳನ್ನು, ನೀರು ಇಳಿಯುವ ದಾರಿಗಳನ್ನು, ಗುಮ್ಮಟದ ಬುಡದ ಬಿರುಕುಗಳನ್ನು ಹತ್ತಿ ನೋಡುವ ಹೊಣೆ ಒಬ್ಬ ವ್ಯಕ್ತಿಗೆ ವಹಿಸಿರಬೇಕು. ಯಾವ ಕಲ್ಲು ಎಲ್ಲಿ ಕೂತಿತು ಎಂಬ ದಾಖಲೆಯ ಒಂದು ಪ್ರತಿ ಬೇರೆ ಊರಿನಲ್ಲಿ ಇರಬೇಕು. ಜಾಗ ಸಿಗದ ಚೂರುಗಳನ್ನು ಎಸೆಯದೆ ಅಂಗಳದಲ್ಲೋ ಉಗ್ರಾಣದಲ್ಲೋ ಸಂಖ್ಯೆ ಸಮೇತ ಇಡಬೇಕು. ಪಟ್ಟಿಯ ಕೊನೆಯಲ್ಲಿ ಖಾಲಿ ಹಾಳೆಗಳನ್ನೂ ಬಿಟ್ಟಿರಬೇಕು, ಏಕೆಂದರೆ ನದಿಯ ನೀರು ಇಳಿದಾಗ ಅಥವಾ ಯಾರದೋ ಮನೆಯ ಪಾಯ ಅಗೆಯುವಾಗ ಉಳಿಯ ಗುರುತಿರುವ ಇನ್ನೊಂದು ಕಲ್ಲು ಸಿಗಬಹುದು, ಆ ದಿನ ಅದಕ್ಕೂ ಒಂದು ಸಂಖ್ಯೆ ಬೇಕಾಗುತ್ತದೆ.